ಮೊದಲ ದಿನವೇ ಕೊಳ್ಳೋದಾ, ಕಾಯೋದಾ? ಗೇಮ್ ಆರಿಸುವಾಗ ಯಾರ ಮಾತು ಕೇಳಬೇಕು

ಕಳೆದ ವಾರ ತಮ್ಮ ಒಂದು ಪ್ರಶ್ನೆ ಕೇಳಿದ. "ಅಣ್ಣಾ, ಈ ಗೇಮ್ ಈಗಲೇ ಪ್ರೀ-ಆರ್ಡರ್ ಮಾಡಿಬಿಡ್ಲಾ, ಸೇಲ್ ಬರೋವರೆಗೂ ಕಾಯ್ಲಾ?" ಎರಡು ಮಾತಲ್ಲಿ ಮುಗಿಯುತ್ತೆ ಅಂದುಕೊಂಡು ಶುರು ಮಾಡಿದೆ. ಅರ್ಧ ಗಂಟೆಯಾದರೂ ನಾನು ಇನ್ನೂ 2016ರಲ್ಲೇ ಇದ್ದೆ. "ನೀನು ಬರೆದು ಕಳಿಸು, ಓದ್ಕೋತೀನಿ" ಅಂತ ಎದ್ದು ಹೋದ. ಹಾಗೆ ಬರೆಯಲು ಕೂತದ್ದು ಇದು.

ನನ್ನ ಲೆಕ್ಕ ಇಷ್ಟೇ. ಬಿಡುಗಡೆಗೆ ಮುಂಚೆ ಕಂಪನಿ ಏನು ಹೇಳುತ್ತಿದೆ ಅಂತ ನೋಡಬೇಡಿ. ಹಿಂದಿನ ಗೇಮ್ ಬಿಡುಗಡೆ ಆದಮೇಲೆ ಏನು ಮಾಡಿತು ಅಂತ ನೋಡಿ. ಈಗ ಕೊಳ್ಳಬೇಕಾ, ವರ್ಷ ಬಿಟ್ಟು ಕೊಳ್ಳಬೇಕಾ, ಕೊಳ್ಳಲೇಬಾರದಾ ಅನ್ನುವುದು ಅಲ್ಲೇ ತಿಳಿಯುತ್ತದೆ.

ಪ್ರೀ-ಆರ್ಡರ್ ಮತ್ತು ಮೊದಲ ದಿನ

ಪ್ರೀ-ಆರ್ಡರ್‌ಗೆ ಒಂದು ಕಾಲದಲ್ಲಿ ಅರ್ಥ ಇತ್ತು. ಗೇಮ್ ಡಬ್ಬಿಯಲ್ಲಿ ಬರುತ್ತಿತ್ತು, ಮುಂಗಡ ಕೊಡದಿದ್ದರೆ ಖಾಲಿಯಾಗಿಬಿಡುತ್ತಿತ್ತು. ಡೌನ್‌ಲೋಡ್ ಮಾಡಿಕೊಳ್ಳುವ ಗೇಮ್ ಖಾಲಿಯಾಗುವುದಾದರೂ ಹೇಗೆ? ಹಾಗಾಗಿ ಈಗ ಆಸೆ ತೋರಿಸುವುದು ಬೇರೆ ಥರ. ಪಾತ್ರಕ್ಕೊಂದು ಹೊಸ ಅಂಗಿ, ಒಂದು ವಿಶೇಷ ಕತ್ತಿ, ಜಾಸ್ತಿ ದುಡ್ಡಿನ ಎಡಿಷನ್ ತಗೊಂಡರೆ ಮೂರು ದಿನ ಮುಂಚೆ ಆಡುವ ಅವಕಾಶ. ಆ ಕತ್ತಿ ಎರಡನೇ ಗಂಟೆಗೇ ಮೂಲೆ ಸೇರುತ್ತದೆ. ಅಷ್ಟರಲ್ಲಿ ಅದಕ್ಕಿಂತ ಒಳ್ಳೇದು ಸಿಕ್ಕಿರುತ್ತದೆ.

ನಾನೂ ಬಿದ್ದವನೇ. ಕೆಲವು ವರ್ಷಗಳ ಹಿಂದೆ ಒಂದು ದೊಡ್ಡ ಗೇಮಿಗಾಗಿ ಕೆಲಸಕ್ಕೆ ರಜೆ ಹಾಕಿ ಕೂತಿದ್ದೆ. ಡಿಸ್ಕ್ ಹಾಕಿದೆ. ಪರದೆ ಮೇಲೆ ಒಂದು ಗೆರೆ ಆಮೆಯ ಹಾಗೆ ಮುಂದೆ ಹೋಗುತ್ತಿತ್ತು. ಮೊದಲ ದಿನದ ಪ್ಯಾಚ್, ಅಂದರೆ ಗೇಮಿನ ತಪ್ಪು ತಿದ್ದುವ ಫೈಲ್, ಇಳಿಯುತ್ತಿದೆ ಅಂತ. ಸಂಜೆವರೆಗೂ ಇಳಿಯಿತು. ಸರಿ, ಆಡಿದೆ, ಚೆನ್ನಾಗೇ ಇತ್ತು. ಮೂರನೇ ರಾತ್ರಿ ಸೇವ್ ಫೈಲ್ ತೆರೆಯಲಿಲ್ಲ. ಹದಿನೆಂಟು ಗಂಟೆ ಆಡಿದ್ದ ಫೈಲ್. "ಈ ಫೈಲ್ ಹಾಳಾಗಿದೆ" ಅಂತ ಒಂದು ಸಾಲು, ಅದರ ಕೆಳಗೆ "ಓಕೆ" ಅನ್ನುವ ಒಂದೇ ಒಂದು ಬಟನ್. ಬೇರೆ ಬಟನ್ನೇ ಇಲ್ಲ. ಯಾವುದಕ್ಕೆ ಓಕೆ ಅನ್ನಬೇಕು ಹೇಳಿ! ಎಂಟು ತಿಂಗಳಾದ ಮೇಲೆ ಅದೇ ಗೇಮ್ ಅರ್ಧ ಬೆಲೆಗೆ ಬಂತು, ಬಗ್ ಎಲ್ಲ ತೆಗೆದು, ಜೊತೆಗೆ ಒಂದು ಹೊಸ ಅಧ್ಯಾಯ ಸೇರಿಸಿ. ಕಾದು ತಗೊಂಡ ಗೆಳೆಯ ನನಗಿಂತ ಒಳ್ಳೆಯ ಗೇಮನ್ನು ನನಗಿಂತ ಕಡಿಮೆ ದುಡ್ಡಿಗೆ ಆಡಿದ. ಸೇವ್ ಫೈಲ್ ಹೋದದ್ದಕ್ಕಿಂತ ಅದೇ ಜಾಸ್ತಿ ಉರಿಸಿತು.

ಇದರ ದೊಡ್ಡ ಉದಾಹರಣೆ ಎಲ್ಲರಿಗೂ ಗೊತ್ತು, ಸೈಬರ್‌ಪಂಕ್ 2077. ಅದನ್ನು ಮಾಡಿದ ಸಿಡಿ ಪ್ರೊಜೆಕ್ಟ್ ರೆಡ್ ಕಂಪನಿ ಅದಕ್ಕೆ ಮುಂಚೆ ಮಾಡಿದ್ದು ದಿ ವಿಚರ್ 3. 2015ರ ಆ ಗೇಮಿಗೆ ಹದಿನಾರು ಸಣ್ಣ ಡಿಎಲ್‌ಸಿಗಳನ್ನು, ಅಂದರೆ ಗೇಮಿಗೆ ಆಮೇಲೆ ಸೇರಿಸುವ ಕಂತುಗಳನ್ನು, ಪುಕ್ಕಟೆ ಕೊಟ್ಟು ಅಭಿಮಾನಿಗಳ ಮನಸ್ಸು ಗೆದ್ದಿದ್ದರು. ಹಾಗಾಗಿ 2020ರ ಡಿಸೆಂಬರ್ 10ರಂದು ಸೈಬರ್‌ಪಂಕ್ ಬಂದಾಗ ಯಾರೂ ಅನುಮಾನ ಪಡಲಿಲ್ಲ. ಸೋನಿಯ ಗೇಮ್ ಯಂತ್ರ ಪ್ಲೇಸ್ಟೇಷನ್ 4ರಲ್ಲಿ ಅದು ಎಷ್ಟು ಕೆಟ್ಟದಾಗಿ ಓಡಿತು ಅಂದರೆ, ಸುಮಾರು ಒಂದು ವಾರದಲ್ಲಿ ಸೋನಿ ಅದನ್ನು ತನ್ನ ಸ್ಟೋರಿನಿಂದಲೇ ತೆಗೆದುಹಾಕಿತು. ಮತ್ತೆ ಬಂದದ್ದು 2021ರ ಜೂನ್‌ನಲ್ಲಿ. ಗೇಮ್ ನಿಜವಾಗಿ ಗೇಮ್ ಆದದ್ದು 2023ರ ಸೆಪ್ಟೆಂಬರ್‌ನಲ್ಲಿ ಬಂದ 2.0 ಪ್ಯಾಚ್‌ನಿಂದ ಅಂತ ನನ್ನ ಅಭಿಪ್ರಾಯ.

ಹಾಗಾದರೆ ನನ್ನ ಲೆಕ್ಕ ಇಲ್ಲಿ ತಪ್ಪಿತಲ್ಲ ಅಂತ ತಮ್ಮ ಕೇಳುತ್ತಾನೆ. ಹಿಂದಿನ ಗೇಮ್ ನೋಡಿದ್ದರೆ ಕಣ್ಣು ಮುಚ್ಚಿ ಕೊಳ್ಳಬೇಕಿತ್ತು. ತಪ್ಪಿತು, ಒಪ್ಪಿದೆ. ಆದರೆ ಎಚ್ಚರಿಕೆ ಕಣ್ಣೆದುರೇ ಇತ್ತು. ಬಿಡುಗಡೆಗೆ ಮುಂಚೆ ವಿಮರ್ಶಕರಿಗೆ ಕೊಟ್ಟದ್ದು ಪಿಸಿಯ ಪ್ರತಿ ಮಾತ್ರ. ಕನ್ಸೋಲ್, ಅಂದರೆ ಪ್ಲೇಸ್ಟೇಷನ್ ಥರದ ಗೇಮ್ ಯಂತ್ರದ ಪ್ರತಿಯನ್ನು ಯಾರಿಗೂ ತೋರಿಸಿರಲಿಲ್ಲ. ಹತ್ತಕ್ಕೆ ಒಂಬತ್ತು ಅಂಕ ಬಿದ್ದದ್ದು ಬೇರೆ ಯಂತ್ರದಲ್ಲಿ ಆಡಿದ ಗೇಮಿಗೆ. ಅಂದಿನಿಂದ ನಾನು ಅಂಕ ನೋಡುವ ಮುಂಚೆ ಯಾವ ಯಂತ್ರದಲ್ಲಿ ಆಡಿ ಬರೆದಿದ್ದಾರೆ ಅಂತ ನೋಡುತ್ತೇನೆ. ನನ್ನ ಹತ್ತಿರ ಇರುವ ಯಂತ್ರದಲ್ಲಿ ಯಾರೂ ಆಡಿಲ್ಲ ಅಂದರೆ ಕಾಯುತ್ತೇನೆ.

ಮೊದಲ ದಿನ ಕೊಳ್ಳುವುದು ಯಾವಾಗಲೂ ದಡ್ಡತನ ಅಂತಲ್ಲ. ಎಲ್ಲರೂ ಒಟ್ಟಿಗೆ ಆಡುವ ಗೇಮಿನಲ್ಲಿ ಮೊದಲ ಎರಡು ವಾರದ ಗದ್ದಲವೇ ಅರ್ಧ ಮಜಾ. ಯಾರಿಗೂ ದಾರಿ ಗೊತ್ತಿರುವುದಿಲ್ಲ, ಎಲ್ಲರೂ ಒಟ್ಟಿಗೆ ದಡ್ಡರಾಗಿರುತ್ತೀವಿ. ಕಥೆಯೇ ಮುಖ್ಯವಾದ ಗೇಮಾದರೆ ಕೊನೆ ಏನಾಗುತ್ತೆ ಅಂತ ಯಾರಾದರೂ ಬಾಯಿ ಬಿಡುವ ಮುಂಚೆ ಆಡಿ ಮುಗಿಸಬೇಕು ಅನ್ನುವುದೂ ನ್ಯಾಯವೇ. ಇಂಥ ಕಡೆ ಪ್ರೀ-ಆರ್ಡರ್ ಬಿಟ್ಟು, ಬಿಡುಗಡೆಯಾದ ಸಂಜೆ ಕೊಳ್ಳಿ. ಅಷ್ಟು ಹೊತ್ತಿಗೇ ಎಷ್ಟೋ ವಿಷಯ ಹೊರಬಿದ್ದಿರುತ್ತದೆ. ಸ್ಟೀಮ್ ಅನ್ನುವ ಆನ್‌ಲೈನ್ ಗೇಮ್ ಅಂಗಡಿಯಲ್ಲಾದರೆ ಇನ್ನೊಂದು ಅನುಕೂಲ. ಕೊಂಡು 14 ದಿನ ದಾಟಿರಬಾರದು, 2 ಗಂಟೆಗಿಂತ ಕಡಿಮೆ ಆಡಿರಬೇಕು, ಆಗ ಕಾರಣ ಏನೇ ಇದ್ದರೂ ರಿಫಂಡ್ ಸಿಗುತ್ತದೆ. ಮೊದಲ ಗಂಟೆಯನ್ನು ಪಾತ್ರದ ಮೂಗು ತಿದ್ದುವುದರಲ್ಲೇ ಕಳೆಯುವವರು ಗಡಿಯಾರದ ಮೇಲೆ ಒಂದು ಕಣ್ಣಿಟ್ಟಿರಿ.

ಅರ್ಲಿ ಆಕ್ಸೆಸ್ ಇನ್ನೊಂದು ಬಗೆ. ಗೇಮ್ ಇನ್ನೂ ಬೆಂದಿಲ್ಲ ಅಂತ ಹೇಳಿಯೇ ಮಾರುವುದು. ಪ್ರೀ-ಆರ್ಡರ್‌ಗಿಂತ ಇದು ಪ್ರಾಮಾಣಿಕ. ಬಾಲ್ಡರ್ಸ್ ಗೇಟ್ 3 ಹೀಗೆ 2020ರ ಅಕ್ಟೋಬರ್‌ನಲ್ಲಿ ಮೊದಲ ಭಾಗ ಮಾತ್ರ ಕೊಟ್ಟು, ಆಡಿದವರ ಮಾತು ಕೇಳುತ್ತಾ 2023ರ ಆಗಸ್ಟ್‌ನಲ್ಲಿ ಪೂರ್ತಿ ಬಂತು. ಹೇಡೀಸ್ ಕೂಡ ಎರಡು ವರ್ಷ ಹೀಗೇ ಬೆಳೆದ ಗೇಮ್. ಆದರೆ ಈಗ ಇರುವಷ್ಟಕ್ಕೇ ಈ ದುಡ್ಡು ಸರಿಹೋಗುತ್ತೆ ಅನ್ನಿಸಿದರೆ ಮಾತ್ರ ಕೊಡಿ.

ಕ್ಷಮೆ ಕೇಳಿದ ಮೇಲೆ ಏನು ಮಾಡಿದರು?

ಎಡವದ ಕಂಪನಿ ಇಲ್ಲ. ಎದ್ದ ರೀತಿಯಲ್ಲಿ ವ್ಯತ್ಯಾಸ ಇದೆ. ನಾಲ್ಕು ಗೇಮುಗಳನ್ನು ಪಕ್ಕಪಕ್ಕ ಇಟ್ಟು ನೋಡಿ.

ನೋ ಮ್ಯಾನ್ಸ್ ಸ್ಕೈ, 2016ರ ಆಗಸ್ಟ್. ಹಲೋ ಗೇಮ್ಸ್ ಅನ್ನುವ ಪುಟ್ಟ ತಂಡ ಆಕಾಶದಷ್ಟು ದೊಡ್ಡ ಆಸೆ ಹುಟ್ಟಿಸಿತ್ತು. ಬಿಡುಗಡೆಯಾದ ಕೂಡಲೇ ಇಬ್ಬರು ಆಟಗಾರರು ಮಾತಾಡಿಕೊಂಡು ಒಂದೇ ಗ್ರಹದ ಒಂದೇ ಜಾಗಕ್ಕೆ ಹೋಗಿ ನಿಂತರು. ಒಬ್ಬರಿಗೊಬ್ಬರು ಕಾಣಲೇ ಇಲ್ಲ! ಒಟ್ಟಿಗೆ ಆಡಬಹುದು ಅಂತ ನಂಬಿದ್ದವರ ಹೊಟ್ಟೆ ಉರಿಯಿತು. ಅದಾದ ಮೇಲೆ ತಂಡ ಬಾಯಿ ಮುಚ್ಚಿಕೊಂಡು ಕೆಲಸಕ್ಕೆ ಕೂತಿತು. 2018ರ ಜುಲೈನಲ್ಲಿ ನೆಕ್ಸ್ಟ್ ಅನ್ನುವ ಅಪ್‌ಡೇಟ್ ಬಂದು ಕೊನೆಗೂ ಆಟಗಾರರು ಒಬ್ಬರನ್ನೊಬ್ಬರು ನೋಡಿದರು. ಇವತ್ತಿಗೂ ಅಪ್‌ಡೇಟ್ ಬರುತ್ತಲೇ ಇದೆ. ಒಂದಕ್ಕೂ ದುಡ್ಡು ಕೇಳಿಲ್ಲ.

ಫೈನಲ್ ಫ್ಯಾಂಟಸಿ 14, 2010. ಬಂದಾಗ ಯಾರಿಗೂ ಹಿಡಿಸಲಿಲ್ಲ. ಸ್ಕ್ವೇರ್ ಎನಿಕ್ಸ್ ತಂಡದ ಮುಖ್ಯಸ್ಥರನ್ನು ಬದಲಾಯಿಸಿ ನಾವೋಕಿ ಯೋಶಿದಾ ಕೈಗೆ ಕೊಟ್ಟಿತು. ಅವರು ತೇಪೆ ಹಾಕುವುದರಲ್ಲೇ ನಿಲ್ಲಲಿಲ್ಲ, ಗೇಮನ್ನೇ ಮೊದಲಿನಿಂದ ಕಟ್ಟಿದರು. ಹಳೆಯದನ್ನು ಮುಚ್ಚಿದ ರೀತಿ ಇನ್ನೂ ಚೆಂದ. ಗೇಮಿನ ಆಕಾಶದಲ್ಲಿದ್ದ ಕೆಂಪು ಚಂದ್ರ ದಿನದಿಂದ ದಿನಕ್ಕೆ ದೊಡ್ಡದಾಗುತ್ತಾ ಬಂತು. 2012ರ ನವೆಂಬರ್‌ನಲ್ಲಿ, ಉಳಿದಿದ್ದ ಆಟಗಾರರು ನೋಡುತ್ತಿದ್ದಂತೆ, ಅದು ಬಿದ್ದು ಲೋಕವೇ ಮುಗಿಯಿತು. ಸರ್ವರ್ ಬಂದ್. 2013ರ ಆಗಸ್ಟ್‌ನಲ್ಲಿ ಹೊಸ ಲೋಕ ತೆರೆಯಿತು. ಸೋತ ಗೇಮನ್ನು ಇಷ್ಟು ಮರ್ಯಾದೆಯಿಂದ ಕಳಿಸಿಕೊಟ್ಟ ಇನ್ನೊಂದು ಕಂಪನಿ ನನಗೆ ನೆನಪಿಗೆ ಬರುವುದಿಲ್ಲ.

ಸ್ಟಾರ್ ವಾರ್ಸ್ ಬ್ಯಾಟಲ್‌ಫ್ರಂಟ್ 2, 2017ರ ನವೆಂಬರ್, ಇಎ ಕಂಪನಿಯದು. ಪೂರ್ತಿ ಬೆಲೆ ಕೊಟ್ಟು ಕೊಂಡವನೂ ಸಿನಿಮಾದ ಖಳನಾಯಕ ಡಾರ್ತ್ ವೇಡರ್ ಆಗಿ ಆಡಬೇಕಾದರೆ ಮೊದಲಿಗೆ ಗೇಮ್ ಆಡಿ ಆಡಿ 60,000 ಕ್ರೆಡಿಟ್ ಕೂಡಿಸಬೇಕಿತ್ತು. ಜೊತೆಗೆ ದುಡ್ಡು ಕೊಟ್ಟರೆ ಲೂಟ್ ಬಾಕ್ಸ್, ಒಳಗೆ ಏನಿರುತ್ತೋ ಅದೃಷ್ಟ. ಗಲಾಟೆ ಎಷ್ಟಾಯಿತೆಂದರೆ ಬಿಡುಗಡೆಗೆ ಕೆಲವೇ ಗಂಟೆ ಇರುವಾಗ ಗೇಮಿನೊಳಗಿನ ಮಾರಾಟವನ್ನೇ ನಿಲ್ಲಿಸಿದರು. ಮುಂದಿನ ವರ್ಷ ಬೆಲ್ಜಿಯಂ ಇಂಥ ಬಾಕ್ಸುಗಳನ್ನು ಜೂಜು ಅಂತಲೇ ಕರೆಯಿತು. ಆಮೇಲೆ ಗೇಮ್ ಚೆನ್ನಾಯಿತು, ಸುಳ್ಳು ಹೇಳಬಾರದು. ಆದರೆ ಇದು ಬಗ್ ಅಲ್ಲವಲ್ಲ. ಬೇಕೆಂದೇ ಕೂತು ಮಾಡಿದ ಲೆಕ್ಕಾಚಾರ. ಕೈ ತಪ್ಪಿ ಆದದ್ದನ್ನು ನಾನು ಬೇಗ ಮರೆಯುತ್ತೇನೆ, ಕೈ ಚಾಚಿ ಮಾಡಿದ್ದನ್ನು ಮರೆಯಲ್ಲ.

ಕೊನೆಯದು ಸೋನಿಯ ಆನ್‌ಲೈನ್ ಗೇಮ್ ಕಾನ್ಕಾರ್ಡ್. 2024ರ ಆಗಸ್ಟ್ 23ಕ್ಕೆ ಬಂತು, ಸೆಪ್ಟೆಂಬರ್ 6ಕ್ಕೆ ಹೋಯಿತು. ಎರಡೇ ವಾರ. ಸೋನಿ ಎಲ್ಲರ ದುಡ್ಡೂ ವಾಪಸ್ ಕೊಟ್ಟಿತು. ಆಟಗಾರರಿಗೆ ನಷ್ಟ ಆಗಲಿಲ್ಲ, ಮಾಡಿದ ಸ್ಟುಡಿಯೋ ಮಾತ್ರ ಮುಚ್ಚಿಹೋಯಿತು.

ನಾಲ್ಕರಲ್ಲಿ ಯಾರ ಮುಂದಿನ ಗೇಮಿಗೆ ನಾನು ಬೇಗ ದುಡ್ಡು ಹಾಕುತ್ತೇನೆ? ಮೊದಲ ಎರಡು ತಂಡಗಳಿಗೆ, ಆದರೂ ಪ್ರೀ-ಆರ್ಡರ್ ಅಲ್ಲ. ಆನ್‌ಲೈನ್‌ನಲ್ಲೇ ಬದುಕುವ ಹೊಸ ಗೇಮುಗಳಿಗೆ ಕನಿಷ್ಠ ಮೂರು ತಿಂಗಳು ಕಾಯಿರಿ. ಆಗಲೂ ಆಡಲು ಜನ ಇದ್ದಾರೆ ಅಂದರೆ ಮುಂದೆಯೂ ಇರುತ್ತಾರೆ.

ಇನ್ನೊಂದು ಮಾತು. ಡಬ್ಬಿಯ ಮೇಲಿನ ಲೋಗೋ ಗೇಮ್ ಮಾಡುವುದಿಲ್ಲ, ಒಳಗಿರುವ ಜನ ಮಾಡುತ್ತಾರೆ. ಆರ್ಕೇನ್ ಆಸ್ಟಿನ್ ಸ್ಟುಡಿಯೋ 2017ರಲ್ಲಿ "ಪ್ರೇ" ಮಾಡಿತ್ತು, ನನಗೆ ತುಂಬಾ ಇಷ್ಟದ ಗೇಮ್. 2023ರಲ್ಲಿ ಅದೇ ಸ್ಟುಡಿಯೋ ಹೆಸರಿನಲ್ಲಿ ರೆಡ್‌ಫಾಲ್ ಬಂತು, ಜನಕ್ಕೆ ಹಿಡಿಸಲಿಲ್ಲ. ಅಷ್ಟರಲ್ಲಿ ಪ್ರೇ ಮಾಡಿದವರಲ್ಲಿ ಬಹಳ ಮಂದಿ ಬಿಟ್ಟು ಹೋಗಿದ್ದರು. ಬೋರ್ಡ್ ಹಳೆಯದೇ, ಅಡುಗೆಯವರು ಬೇರೆ. ಟ್ಯಾಂಗೋ ಗೇಮ್‌ವರ್ಕ್ಸ್ ಕಥೆ ಇದಕ್ಕೆ ಉಲ್ಟಾ. 2023ರ ಜನವರಿಯಲ್ಲಿ ಒಂದೂ ಜಾಹೀರಾತಿಲ್ಲದೆ, ಘೋಷಿಸಿದ ದಿನವೇ ಹೈ-ಫೈ ರಷ್ ಬಿಟ್ಟರು. ಜನ ಮೆಚ್ಚಿದರು, ಪ್ರಶಸ್ತಿ ಬಂತು. 2024ರ ಮೇ ತಿಂಗಳಲ್ಲಿ ಎರಡೂ ಸ್ಟುಡಿಯೋಗಳ ಒಡೆಯ ಮೈಕ್ರೋಸಾಫ್ಟ್ ಆರ್ಕೇನ್ ಆಸ್ಟಿನ್ ಜೊತೆಗೆ ಇದನ್ನೂ ಮುಚ್ಚುತ್ತೇವೆ ಅಂದಿತು. ಕೆಲವು ತಿಂಗಳಲ್ಲಿ ಕ್ರಾಫ್ಟನ್ ಅನ್ನುವ ಇನ್ನೊಂದು ಕಂಪನಿ ಬಂದು ಟ್ಯಾಂಗೋವನ್ನು ಉಳಿಸಿಕೊಂಡಿತು. ಹಾಗಾಗಿ ಹೊಸ ಗೇಮ್ ಘೋಷಣೆಯಾದರೆ ನಿರ್ದೇಶಕರು ಯಾರು, ಹಿಂದಿನದನ್ನು ಬರೆದವರು ಇನ್ನೂ ಅಲ್ಲಿದ್ದಾರಾ ಅಂತ ಹುಡುಕುವುದು ನನಗೆ ಅಭ್ಯಾಸವಾಗಿದೆ.

ನಿಂಟೆಂಡೊ ಈ ಯಾವ ಲೆಕ್ಕಕ್ಕೂ ಸಿಗುವುದಿಲ್ಲ. ಅವರದೇ ಗೇಮುಗಳು ಬಹುಮಟ್ಟಿಗೆ ಮೊದಲ ದಿನವೇ ಮುಗಿದ ಕೆಲಸವಾಗಿ ಬರುತ್ತವೆ, ಆದರೆ ಬೆಲೆ ಅಷ್ಟಾಗಿ ಇಳಿಯುವುದಿಲ್ಲ. 2017ರ ಬ್ರೆತ್ ಆಫ್ ದಿ ವೈಲ್ಡ್‌ಗೆ ಈಗ ಅರ್ಧ ಬೆಲೆ ಆಗಿರುತ್ತೆ ಅಂತ ಹೋದವರು ಬರಿಗೈಲಿ ಬಂದಿದ್ದಾರೆ. ಬೇಕು ಅನ್ನಿಸಿದ ದಿನ ಕೊಳ್ಳಿ, ಅಷ್ಟೇ.

ಡಿಸ್ಕ್, ಡೌನ್‌ಲೋಡ್, ಚಂದಾ

ಇಲ್ಲಿ ಜಾಸ್ತಿ ಹೇಳುವುದಿಲ್ಲ, ಆದರೆ ಒಂದು ಗೇಮಿನ ಹೆಸರು ನೆನಪಿಟ್ಟುಕೊಳ್ಳಿ: ದಿ ಕ್ರೂ. ಯೂಬಿಸಾಫ್ಟ್‌ನ ಕಾರ್ ರೇಸ್, 2014ರದು. ಒಬ್ಬರೇ ಆಡಿದರೂ ಸರ್ವರ್ ಬೇಕಿತ್ತು. 2024ರ ಮಾರ್ಚ್ 31ಕ್ಕೆ ಸರ್ವರ್ ನಿಲ್ಲಿಸಿದರು. ದುಡ್ಡು ಕೊಟ್ಟು ಡಿಸ್ಕ್ ಕೊಂಡವರ ಕೈಯಲ್ಲಿ ಉಳಿದದ್ದು ಹೊಳೆಯುವ ಒಂದು ಬಿಲ್ಲೆ. ಇದರಿಂದಲೇ ಸ್ಟಾಪ್ ಕಿಲ್ಲಿಂಗ್ ಗೇಮ್ಸ್ ಅನ್ನುವ ಚಳವಳಿ ಹುಟ್ಟಿತು. ಯುರೋಪಿನಲ್ಲಿ ಅದರ ಮನವಿಗೆ 2025ರ ಜುಲೈ ಹೊತ್ತಿಗೆ ಹತ್ತು ಲಕ್ಷ ಸಹಿ ದಾಟಿತು.

ಡೌನ್‌ಲೋಡ್ ಗೇಮ್ ಕೊಂಡಾಗ ನಾವು ಕೊಳ್ಳುವುದು ಲೈಸೆನ್ಸ್, ಅಂದರೆ ಆಡುವ ಅನುಮತಿ ಮಾತ್ರ. ಸ್ಟೀಮ್ ಇದನ್ನು 2024ರ ಅಕ್ಟೋಬರ್‌ನಿಂದ ದುಡ್ಡು ಕಟ್ಟುವ ಜಾಗದಲ್ಲೇ ಬರೆದು ತೋರಿಸುತ್ತಿದೆ. ಗಾಗ್ ಅನ್ನುವ ಆನ್‌ಲೈನ್ ಗೇಮ್ ಅಂಗಡಿ ಕೊಡುವುದೂ ಲೈಸೆನ್ಸೇ, ಆದರೆ ಒಂದು ವ್ಯತ್ಯಾಸ ಇದೆ. ಅಲ್ಲಿ ಗೇಮಿನ ಇನ್‌ಸ್ಟಾಲರ್ ಇಳಿಸಿಕೊಂಡು ನಿಮ್ಮ ಹಾರ್ಡ್ ಡಿಸ್ಕ್‌ನಲ್ಲಿ ಇಟ್ಟುಕೊಳ್ಳಬಹುದು, ಆಡಲು ಯಾರ ಅಪ್ಪಣೆಯೂ ಬೇಡ. ಹತ್ತು ವರ್ಷ ಬಿಟ್ಟು ಮತ್ತೆ ಆಡುತ್ತೇನೆ ಅನ್ನಿಸುವ ಗೇಮನ್ನು ನಾನು ಅಲ್ಲಿ ಕೊಳ್ಳುತ್ತೇನೆ. ನಿಂಟೆಂಡೊ 3ಡಿಎಸ್ ಮತ್ತು ವೀ ಯು ಸ್ಟೋರುಗಳು 2023ರ ಮಾರ್ಚ್‌ನಲ್ಲಿ ಮಾರಾಟ ನಿಲ್ಲಿಸಿದಾಗ ಅಲ್ಲಿ ಮಾತ್ರ ಸಿಗುತ್ತಿದ್ದ ಗೇಮುಗಳನ್ನು ಕೊಳ್ಳುವ ದಾರಿಯೇ ಮುಚ್ಚಿತು. ಹಳೆಯದನ್ನು "ಆಮೇಲೆ ನೋಡೋಣ" ಅಂತ ಬಿಡುವವರು ಅದನ್ನು ಯೋಚಿಸಿ.

ಚಂದಾ ಬಗ್ಗೆ ಕೇಳಿದರೆ, ಎರಡು ವಾರಕ್ಕೊಂದು ಹೊಸ ಗೇಮ್ ರುಚಿ ನೋಡುವವರಿಗೆ ಮೈಕ್ರೋಸಾಫ್ಟ್‌ನ ಚಂದಾ ಗೇಮ್ ಪಾಸ್ ಒಳ್ಳೇದು. ಮೈಕ್ರೋಸಾಫ್ಟ್‌ನ ಸ್ವಂತ ಗೇಮುಗಳು ಬಹುತೇಕ ಮೊದಲ ದಿನವೇ ಅದರಲ್ಲಿ ಬರುತ್ತಾ ಬಂದಿವೆ. ಪ್ಲೇಸ್ಟೇಷನ್ ಪ್ಲಸ್‌ನಲ್ಲಿ ಸೋನಿಯ ದೊಡ್ಡ ಗೇಮುಗಳು ಬರುವುದು ತಡವಾಗಿ. ವರ್ಷಕ್ಕೆ ಎರಡೋ ಮೂರೋ ಉದ್ದದ ಗೇಮ್ ಆಡುವವರಿಗೆ ಎರಡೂ ದಂಡ. ತಿಂಗಳು ತಿಂಗಳು ದುಡ್ಡು ಕಟ್ಟುತ್ತಾ ಅದೇ ಒಂದು ಗೇಮಿನಲ್ಲಿ ಕೂತಿರುತ್ತೀರಿ. ನಾನು ಆ ಜಾತಿ.

ಅಭಿಮಾನಿಗಳಲ್ಲಿ ಯಾರ ಮಾತು ಕೇಳೋದು

ನಿಜ ಹೇಳಬೇಕೆಂದರೆ ಕಂಪನಿಗಳಿಗಿಂತ ನನಗೆ ತಲೆನೋವು ತಂದವರು ನಮ್ಮವರೇ. ಸೆಗಾ ಮತ್ತು ನಿಂಟೆಂಡೊ ಅಭಿಮಾನಿಗಳು 90ರ ದಶಕದಲ್ಲಿ ಹಾವು ಮುಂಗುಸಿಯ ಹಾಗಿದ್ದರು. 2001ರಲ್ಲಿ ಸೆಗಾ ಕನ್ಸೋಲ್ ಮಾಡುವುದನ್ನೇ ಬಿಟ್ಟಿತು. ಅದೇ ವರ್ಷದ ಕೊನೆಗೆ ಸೆಗಾ ಗೇಮುಗಳ ನಾಯಕ ಸೋನಿಕ್ ನಿಂಟೆಂಡೊ ಯಂತ್ರದಲ್ಲಿ ಓಡುತ್ತಿದ್ದ! ಹತ್ತು ವರ್ಷ ಜಗಳಾಡಿದವರಿಗೆ ಯಾರೂ ಒಂದು ಮಾತು ಕೇಳಲಿಲ್ಲ. ಈಗ ನೋಡಿದರೆ ತನ್ನ ಹೇಲೋ ಗೇಮ್ ಪ್ಲೇಸ್ಟೇಷನ್‌ಗೂ ಬರುತ್ತದೆ ಅಂತ ಮೈಕ್ರೋಸಾಫ್ಟೇ 2025ರ ಅಕ್ಟೋಬರ್‌ನಲ್ಲಿ ಹೇಳಿದೆ, ಸೋನಿಯ ಗಾಡ್ ಆಫ್ ವಾರ್ ಪಿಸಿಯಲ್ಲಿದೆ. ಕಂಪನಿಗಳು ಕೈಕುಲುಕಿಕೊಂಡು ವ್ಯಾಪಾರ ಮಾಡುತ್ತಿವೆ, ನಾವಿನ್ನೂ ಬೀದಿಯಲ್ಲಿ ಕಿತ್ತಾಡುತ್ತಿದ್ದೇವೆ. ಇಂಥವರ ಮಾತನ್ನು ಗುರುತಿಸುವುದು ಸುಲಭ. "ನಾವು ಗೆದ್ವಿ" ಅನ್ನುತ್ತಾರೆ, ಕಂಪನಿಯಲ್ಲಿ ಸಂಬಳ ತಗೊಳ್ಳುವವರ ಹಾಗೆ.

ಒಟ್ಟಾಗಿ ಕೆಟ್ಟ ಅಂಕ ಸುರಿಯುವುದರಲ್ಲೂ ಎರಡು ಬಗೆ ಇದೆ. ದಿ ಲಾಸ್ಟ್ ಆಫ್ ಅಸ್ ಪಾರ್ಟ್ 2 2020ರ ಜೂನ್‌ನಲ್ಲಿ ಬಂದಾಗ, ಗೇಮ್ ಮುಗಿಸುವಷ್ಟು ಹೊತ್ತೇ ಆಗಿರಲಿಲ್ಲ, ಸಾವಿರಾರು ಸೊನ್ನೆ ಬಿದ್ದಿದ್ದವು. ಆಮೇಲೆ ವಿಮರ್ಶೆಗಳ ಅಂಕ ಒಟ್ಟುಗೂಡಿಸುವ ಮೆಟಾಕ್ರಿಟಿಕ್ ತಾಣ, ಗೇಮ್ ಬಿಡುಗಡೆಯಾಗಿ 36 ಗಂಟೆ ಕಳೆಯುವವರೆಗೆ ಬಳಕೆದಾರರು ಅಂಕ ಕೊಡುವಂತಿಲ್ಲ ಅಂತ ನಿಯಮ ತಂದಿತು. ಸೋನಿ ಹೊರತಂದ ಹೆಲ್‌ಡೈವರ್ಸ್ 2ರ ಕಥೆ ಬೇರೆ. ಪಿಸಿಯಲ್ಲಿ ಮೂರು ತಿಂಗಳು ಆರಾಮಾಗಿ ಆಡಿದವರಿಗೆ 2024ರ ಮೇ ತಿಂಗಳಲ್ಲಿ ಪ್ಲೇಸ್ಟೇಷನ್ ಖಾತೆ ಕಡ್ಡಾಯ ಅಂದರು. ಆ ಖಾತೆ ತೆರೆಯಲು ಬಾರದ ದೇಶಗಳಲ್ಲೂ ಗೇಮ್ ಮಾರಿದ್ದರು. ಲಕ್ಷಗಟ್ಟಲೆ ಕೆಟ್ಟ ವಿಮರ್ಶೆ ಬಿತ್ತು, ಕೆಲವೇ ದಿನಗಳಲ್ಲಿ ಸೋನಿ ಹಿಂದೆ ಸರಿಯಿತು. ಎರಡೂ ಕಡೆ ಅಂಕದ ಪಟ್ಟಿ ಒಂದೇ ಥರ ಕೆಂಪಾಗಿ ಕಾಣುತ್ತದೆ. ಹಾಗಾಗಿ ಪಟ್ಟಿ ನೋಡಿ ನಿಲ್ಲಿಸಬೇಡಿ, ನಾಲ್ಕು ವಿಮರ್ಶೆ ತೆರೆದು ಓದಿ.

ನಾನು ಓದುವ ಕ್ರಮ ಹೇಳುತ್ತೇನೆ. ಸ್ಟೀಮ್‌ನಲ್ಲಿ ಪ್ರತಿ ವಿಮರ್ಶೆಯ ಮೇಲೂ ಬರೆದವರು ಎಷ್ಟು ಗಂಟೆ ಆಡಿದ್ದಾರೆ ಅಂತ ಇರುತ್ತದೆ. ಒಂದು ಗಂಟೆಗಿಂತ ಕಡಿಮೆ ಆಡಿದವರ ಮಾತು ಗೇಮ್ ತೆರೆಯುತ್ತಾ, ಸರಿಯಾಗಿ ಓಡುತ್ತಾ ಅಂತ ತಿಳಿಯೋಕೆ ಸಾಕು. ಎರಡು ಸಾವಿರ ಗಂಟೆ ಆಡಿ "ಕೊಳ್ಳಬೇಡಿ" ಅನ್ನುವವರು ಗಂಡ ಹೆಂಡಿರ ಜಗಳದಲ್ಲಿದ್ದಾರೆ, ನಡುವೆ ಹೋಗಬೇಡಿ. ನನಗೆ ಬೇಕಾದವರು ಇಪ್ಪತ್ತರಿಂದ ಅರವತ್ತು ಗಂಟೆ ಆಡಿದವರು, ಅದರಲ್ಲೂ ಇಷ್ಟಪಟ್ಟು ಒಂದು ಕೊರತೆ ಹೇಳುವವರು. "ಹೊಡೆದಾಟ ಚೆನ್ನಾಗಿದೆ, ಆದರೆ ಚೀಲದಲ್ಲಿ ಸಾಮಾನು ಜೋಡಿಸೋದೇ ಅರ್ಧ ಕೆಲಸ" ಅನ್ನುವ ಒಂದು ಸಾಲು ಸಾಕು. ನನಗೆ ಚೀಲ ಜೋಡಿಸುವುದು ಇಷ್ಟ. ತಮ್ಮನಿಗೆ ಆಗಲ್ಲ. ಅದೇ ವಿಮರ್ಶೆ ಓದಿ ನಾನು ಕೊಳ್ಳುತ್ತೇನೆ, ಅವನು ಬಿಡುತ್ತಾನೆ.

ಇಷ್ಟೆಲ್ಲ ಹೇಳಿದ ನಾನು ಹಾಲೋ ನೈಟ್: ಸಿಲ್ಕ್‌ಸಾಂಗ್ ಬಂದ ದಿನ ಒಂದೂ ವಿಮರ್ಶೆ ಓದದೆ ಕೊಂಡೆ. ಓದಲು ವಿಮರ್ಶೆಯೇ ಇರಲಿಲ್ಲ. ಅದನ್ನು ಮಾಡಿದ ಟೀಮ್ ಚೆರ್ರಿ ಯಾರಿಗೂ ಮುಂಚಿತವಾಗಿ ಪ್ರತಿ ಕೊಟ್ಟಿರಲಿಲ್ಲ. 2019ರಲ್ಲಿ ಘೋಷಿಸಿದ್ದು, 2025ರ ಸೆಪ್ಟೆಂಬರ್ 4ಕ್ಕೆ ಬಂತು. ಆರೂವರೆ ವರ್ಷ ಕಾದ ಜನ ಒಟ್ಟಿಗೆ ನುಗ್ಗಿದ್ದಕ್ಕೆ ಸ್ಟೀಮೇ ತಡವರಿಸಿತು. ನಾನೂ ಆ ಕ್ಯೂನಲ್ಲಿ ಬಟನ್ ಒತ್ತುತ್ತಾ ಕೂತಿದ್ದೆ. ಆದರೆ ಸುಮ್ನೆ ನುಗ್ಗಿದ್ದಲ್ಲ. ಮೊದಲ ಹಾಲೋ ನೈಟ್ 2017ರಲ್ಲಿ ಬಂದಮೇಲೆ ಆ ಪುಟ್ಟ ತಂಡ ನಾಲ್ಕು ದೊಡ್ಡ ಕಂತುಗಳನ್ನು ಪುಕ್ಕಟೆ ಸೇರಿಸಿತ್ತು. ಬೆಲೆಯೂ ದೊಡ್ಡ ಗೇಮುಗಳ ಮೂರನೇ ಒಂದು ಭಾಗಕ್ಕಿಂತ ಕಡಿಮೆ.

ತಮ್ಮನ ವಿಷಯಕ್ಕೆ ಬಂದರೆ, ಅವನು ಕೇಳಿದ ಗೇಮ್ ದೊಡ್ಡ ಕಂಪನಿಯದು, ಒಬ್ಬನೇ ಆಡುವ ಕಥೆ, ಹಿಂದಿನ ಭಾಗ ಸರಿಹೋಗಲು ಹತ್ತು ತಿಂಗಳು ಹಿಡಿದಿತ್ತು. ಕಾಯಿ ಅಂತ ಬರೆಯುವಷ್ಟರಲ್ಲಿ ಅವನ ಮೆಸೇಜ್ ಬಂತು, ಪ್ರೀ-ಆರ್ಡರ್ ಆಯ್ತಂತೆ. ಜೊತೆಗೊಂದು ಕತ್ತಿಯೂ ಇದೆಯಂತೆ. ಡೌನ್‌ಲೋಡಾ, ಡಿಸ್ಕಾ ಅಂತ ಕೇಳಿದೆ. ಡಿಸ್ಕಂತೆ. ಸದ್ಯ, ಅವನು ಮುಗಿಸುವ ಹೊತ್ತಿಗೆ ಪ್ಯಾಚ್ ಎಲ್ಲ ಬಂದಿರುತ್ತದೆ, ನಾನು ಇಸ್ಕೊಂಡು ಆಡ್ತೀನಿ.